ಅರ್ಜೆಂಟೀನಾದವರು ಅಮೆರಿಕನ್ನರು ಅಲ್ವಾ? ‘ಅಮೆರಿಕನ್’ ಅನ್ನುವ ಹೆಸರು ಯಾರದ್ದು?

ತುಂಗಾತೀರ:
2025ರ ಮೇ 8ರಂದು ಹದಿನಾಲ್ಕನೇ ಲಿಯೊ ಪೋಪ್ ಆದರು. ಮರುದಿನ ನಮ್ಮ ಟಿವಿ, ಪತ್ರಿಕೆ, ವಾಟ್ಸಾಪ್ ಎಲ್ಲೆಡೆ ‘ಮೊದಲ ಅಮೆರಿಕನ್ ಪೋಪ್’ ಅಂತಲೇ ಬಂತು. ಲಿಯೊ ಹುಟ್ಟಿದ್ದು ಶಿಕಾಗೊದಲ್ಲಿ, ಸರಿ. ಆದರೆ ಅವರಿಗಿಂತ ಮುಂಚೆ ಇದ್ದ ಫ್ರಾನ್ಸಿಸ್ ಹುಟ್ಟಿದ್ದು ಬ್ಯೂನಸ್ ಐರಿಸ್‌ನಲ್ಲಿ. ಅರ್ಜೆಂಟೀನಾ ಇರುವುದು ಅಮೆರಿಕದಲ್ಲಿ ಅಲ್ವಾ? ವ್ಯಾಟಿಕನ್ ಕೊಟ್ಟ ಪರಿಚಯದಲ್ಲೇ ಲಿಯೊ ಅವರು ಫ್ರಾನ್ಸಿಸ್ ನಂತರ ಅಮೆರಿಕ ಭೂಭಾಗದಿಂದ ಬಂದ ಎರಡನೇ ಪೋಪ್ ಅಂತಿದೆ.

2024ರ ಕೋಪಾ ಅಮೆರಿಕ ಫುಟ್‌ಬಾಲ್‌ನಲ್ಲೂ ಹೀಗೇ ಆಯಿತು. ಪನಾಮ ಎದುರು ಯುಎಸ್ ತಂಡ 1–2ರಲ್ಲಿ ಸೋತಿತು. ‘ಅಮೆರಿಕಕ್ಕೆ ಸೋಲು’ ಅಂತ ಓದಿದೆ. ಆ ಟೂರ್ನಿಯಲ್ಲಿ ಆಡಿದ 16 ತಂಡಗಳೂ ಅಮೆರಿಕದವೇ. ಸೋತದ್ದೂ ಅಮೆರಿಕ, ಗೆದ್ದದ್ದೂ ಅಮೆರಿಕ.

ಶಾಲೆಯಲ್ಲಿ ನಾವು ಕಲಿತದ್ದು ‘ಅಮೆರಿಕ ಸಂಯುಕ್ತ ಸಂಸ್ಥಾನ’. ಅದನ್ನು ಯಾಕೆ ಬಿಟ್ಟೆವು? ಕನ್ನಡದಲ್ಲಿ ‘ಯುಎಸ್‌ನವರು’ ಅಂತ ಬರೆದರೆ ಯಾರಿಗೂ ಅರ್ಥ ಆಗದೆ ಹೋಗುವುದಿಲ್ಲ. ಒಂದು ದೇಶ ಇಡೀ ಭೂಭಾಗದ ಹೆಸರನ್ನು ತನ್ನದು ಅಂತ ಇಟ್ಟುಕೊಂಡಿದೆ, ನಾವೂ ಯೋಚನೆ ಮಾಡದೆ ಹೂಂ ಅಂದಿದ್ದೇವೆ. ಇದು ತಪ್ಪು.

ಡಲ್ಲಾಸ್_ಸುಧಾ:
ಒಂದು ದೇಶದ ಜನ ತಮ್ಮನ್ನು ಏನಂತ ಕರೆದುಕೊಳ್ಳುತ್ತಾರೋ ಅದೇ ಅವರ ಹೆಸರು. ಇಲ್ಲಿ 33 ಕೋಟಿಗೂ ಜಾಸ್ತಿ ಜನ ತಮ್ಮನ್ನು ಅಮೆರಿಕನ್ ಅಂತಲೇ ಕರೆದುಕೊಳ್ಳುತ್ತಾರೆ. ಬೇರೆಯವರ ಹೆಸರನ್ನು ಶಿವಮೊಗ್ಗದಲ್ಲಿ ಕೂತು ಬದಲಾಯಿಸಲು ನಾವು ಯಾರು?

ಇನ್ನೊಂದು ವಿಷಯ. ‘ಸಂಯುಕ್ತ ಸಂಸ್ಥಾನ’ ಅನ್ನುವುದು ಹೆಸರಲ್ಲ, ಆಡಳಿತದ ವಿವರಣೆ. ಮೆಕ್ಸಿಕೋದ ಅಧಿಕೃತ ಹೆಸರೂ ‘ಮೆಕ್ಸಿಕನ್ ಸಂಯುಕ್ತ ಸಂಸ್ಥಾನ’ವೇ. ಬ್ರೆಜಿಲ್ ಕೂಡ 1960ರ ದಶಕದವರೆಗೆ ಹೆಸರಲ್ಲಿ ‘ಸಂಯುಕ್ತ ಸಂಸ್ಥಾನ’ ಇಟ್ಟುಕೊಂಡಿತ್ತು. ವೆನೆಜುವೆಲಾ, ಕೊಲಂಬಿಯಾ ಕೂಡ ಒಂದು ಕಾಲದಲ್ಲಿ ಹಾಗೇ. ಈ ದೇಶದ ಹೆಸರಿನಲ್ಲಿ ಹೆಸರು ಅಂತ ಇರುವುದು ಒಂದೇ ಪದ, ಅಮೆರಿಕ. ಮತ್ತೆ ಕೆನಡಾದವರನ್ನು ಒಮ್ಮೆ ‘ಅಮೆರಿಕನ್’ ಅಂತ ಕರೆದು ನೋಡಿ, ಎಷ್ಟು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಗೊತ್ತಾಗುತ್ತದೆ.

ಮೆಕ್ಸಿಕೋದಲ್ಲಿ_ಮಂಡ್ಯದವ:
‘ತಮ್ಮನ್ನು ಏನಂತ ಕರೆದುಕೊಳ್ಳುತ್ತಾರೋ ಅದೇ ಹೆಸರು’ ಅಂದ್ರಲ್ಲ ಸುಧಾ ಅವರೇ, ಆ ನಿಯಮ ನಿಮ್ಮ ದೇಶಕ್ಕೆ ಮಾತ್ರವೋ, ಎಲ್ಲರಿಗೂನೋ? ನಾನು ಗ್ವಾದಲಹಾರದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಇಲ್ಲಿನವರೂ ತಮ್ಮನ್ನು ‘ಅಮೆರಿಕಾನೋ’ ಅಂದುಕೊಳ್ಳುತ್ತಾರೆ. ನಾವು ಏಷ್ಯಾದವರು ಅಂದುಕೊಳ್ಳುವುದಿಲ್ವಾ, ಹಾಗೆ.

ಕಳೆದ ವರ್ಷ ನಮ್ಮ ಆಫೀಸಿಗೆ ಯುಎಸ್‌ನಿಂದ ಒಬ್ಬ ಮ್ಯಾನೇಜರ್ ಬಂದಿದ್ದರು. ಮೀಟಿಂಗ್ ಶುರುವಾಗುವಾಗ ‘ಈ ರೂಮಿನಲ್ಲಿ ಅಮೆರಿಕನ್ ನಾನೊಬ್ಬನೇ’ ಅಂದರು. ಯಾರೂ ಏನೂ ಹೇಳಲಿಲ್ಲ. ಮಧ್ಯಾಹ್ನ ಊಟಕ್ಕೆ ಹೋದೆವು. ಟೋರ್ಟಾ ಅಹೊಗಾದಾ ಅಂತ ಇಲ್ಲಿನ ತಿಂಡಿ, ಬ್ರೆಡ್ಡಿನ ಒಳಗೆ ಮಾಂಸ ತುಂಬಿ ಇಡೀ ಬ್ರೆಡ್ಡನ್ನು ಟೊಮೆಟೊ ಸಾರಿನಲ್ಲಿ ಮುಳುಗಿಸಿ ಕೊಡುತ್ತಾರೆ. ಅದನ್ನು ಮುಂದೆ ಇಟ್ಟುಕೊಂಡು ನನ್ನ ಟೀಮಿನ ಹುಡುಗಿ ತಿನ್ನಲೇ ಇಲ್ಲ. ‘ನನ್ನ ಅಜ್ಜಿಯ ಅಜ್ಜಿಯೂ ಇಲ್ಲೇ ಹುಟ್ಟಿದ್ದು, ನಾನು ಹಾಗಾದರೆ ಎಲ್ಲಿಯವಳು’ ಅಂತ ಕೇಳಿದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ನಿಮಗೆ ಇದು ವ್ಯಾಕರಣದ ಚರ್ಚೆ ಇರಬಹುದು. ಇಲ್ಲಿನವರಿಗೆ ಅದು ಅಷ್ಟೇ ಅಲ್ಲ.

ದಾಖಲೆಯೂ ಕೊಡುತ್ತೇನೆ. 1814ರಲ್ಲಿ ಅಪಾತ್‌ಸಿಂಗಾನ್ ಅನ್ನುವ ಊರಲ್ಲಿ ಮೆಕ್ಸಿಕೋದ ಸ್ವಾತಂತ್ರ್ಯ ಹೋರಾಟಗಾರರು ಸಂವಿಧಾನ ಬರೆದರು. ಅದರಲ್ಲಿ ದೇಶದ ಹೆಸರು ‘ಅಮೆರಿಕಾ ಮೆಹಿಕಾನಾ’, ಅಂದರೆ ಮೆಕ್ಸಿಕೋದ ಅಮೆರಿಕ. ಸ್ಪ್ಯಾನಿಷ್ ಭಾಷೆಯ ರಾಯಲ್ ಅಕಾಡೆಮಿ 2005ರಲ್ಲಿ ಪ್ರಕಟಿಸಿದ, ಭಾಷೆಯ ಸಂದೇಹ ಬಗೆಹರಿಸುವ ನಿಘಂಟಿನಲ್ಲಿ, ಅಮೆರಿಕ ಅನ್ನುವ ಹೆಸರನ್ನು ಒಂದೇ ದೇಶಕ್ಕೆ ಬಳಸುವುದನ್ನು ಬಿಡಬೇಕು ಅಂತ ನೇರವಾಗಿ ಹೇಳಿದೆ. ಯುಎಸ್‌ನವರಿಗೆ ಸ್ಪ್ಯಾನಿಷ್‌ನಲ್ಲಿ ‘ಎಸ್ತಾದೊಉನಿದೆನ್ಸೆ’, ಅಂದರೆ ಸಂಯುಕ್ತ ಸಂಸ್ಥಾನದವರು, ಅನ್ನುವ ಬೇರೆ ಪದವೇ ಇದೆ.

ಭೂಗೋಳ_ಮೇಷ್ಟ್ರು:
‘ಏಷ್ಯಾದವರು ಅಂದುಕೊಳ್ಳುವುದಿಲ್ವಾ’ ಅಂದಿರಿ. ಏಷ್ಯಾ ಅಂತ ಒಂದು ಖಂಡ ಇದೆ. ಅಮೆರಿಕ ಅಂತ ಒಂದು ಖಂಡ ಇಲ್ಲ. ಇರುವುದು ಉತ್ತರ ಅಮೆರಿಕ, ದಕ್ಷಿಣ ಅಮೆರಿಕ ಅಂತ ಎರಡು. ನಿವೃತ್ತಿ ಆಗುವವರೆಗೂ ಹೈಸ್ಕೂಲಿನಲ್ಲಿ ಇದನ್ನೇ ಪಾಠ ಮಾಡಿದ್ದೇನೆ. ವಿಸ್ತೀರ್ಣದ ಪ್ರಕಾರ ಏಷ್ಯಾ, ಆಫ್ರಿಕಾ, ಉತ್ತರ ಅಮೆರಿಕ, ದಕ್ಷಿಣ ಅಮೆರಿಕ, ಅಂಟಾರ್ಕ್ಟಿಕಾ, ಯುರೋಪ್, ಆಸ್ಟ್ರೇಲಿಯಾ. ಒಟ್ಟು ಏಳು. ಅರ್ಜೆಂಟೀನಾದವರು ದಕ್ಷಿಣ ಅಮೆರಿಕದವರು. ಮೆಕ್ಸಿಕೋದವರು ಉತ್ತರ ಅಮೆರಿಕದವರು. ಬರೀ ‘ಅಮೆರಿಕನ್’ ಅನ್ನುವ ಪದ ಖಾಲಿ ಇತ್ತು, ಅದನ್ನು ಒಂದು ದೇಶ ಬಳಸಿಕೊಂಡಿತು. ಇದರಲ್ಲಿ ಯಾರದ್ದೂ ಕಿತ್ತುಕೊಂಡ ಹಾಗೆ ಆಗಲಿಲ್ಲ.

ತುಂಗಾತೀರ:
‘ಅಮೆರಿಕ ಅಂತ ಒಂದು ಖಂಡ ಇಲ್ಲ’ವಾ? ಒಲಿಂಪಿಕ್ ಧ್ವಜ ನೋಡಿ ಸರ್. ಐದು ಬಳೆ. 1913ರಲ್ಲಿ, ಆಧುನಿಕ ಒಲಿಂಪಿಕ್ಸ್ ಶುರು ಮಾಡಿದ ಕುಬರ್ತಾಂ ಮಾಡಿದ ವಿನ್ಯಾಸ. ಐದು ಖಂಡ ಅಂತಲೇ ಅದರ ಅರ್ಥ, ಅಮೆರಿಕ ಅದರಲ್ಲಿ ಒಂದು.

ಭೂಗೋಳ_ಮೇಷ್ಟ್ರು:
ಕ್ರೀಡಾ ಸಂಸ್ಥೆಯ ಬಾವುಟ ನೋಡಿ ಭೂಗೋಳ ಕಲಿಯಬೇಕಾ? ಆ ಐದರಲ್ಲಿ ಅಂಟಾರ್ಕ್ಟಿಕಾ ಇಲ್ಲ. ಅದು ಖಂಡ ಅಲ್ಲ ಅಂತೀರಾ?

ಮೆಕ್ಸಿಕೋದಲ್ಲಿ_ಮಂಡ್ಯದವ:
ಮೇಷ್ಟ್ರೇ, ನೀವು ಪಾಠ ಮಾಡಿದ್ದು ಇಂಗ್ಲಿಷ್ ಪುಸ್ತಕಗಳಿಂದ ಬಂದ ಲೆಕ್ಕ. ಮೆಕ್ಸಿಕೋದಿಂದ ಚಿಲಿವರೆಗೆ ಶಾಲೆಗಳಲ್ಲಿ ಅಮೆರಿಕ ಒಂದೇ ಖಂಡ. ಸ್ಪೇನ್, ಪೋರ್ಚುಗಲ್, ಇಟಲಿಯಲ್ಲೂ ಹಾಗೇ. ನನ್ನ ಮಗಳು ಇಲ್ಲೇ ಪ್ರೈಮರಿ ಓದುತ್ತಾಳೆ. ಅವಳ ನಕ್ಷೆಯಲ್ಲಿ ಅಲಾಸ್ಕಾದಿಂದ ಕೆಳಗಿನ ತುದಿವರೆಗೂ ಒಂದೇ ಬಣ್ಣ. ವಿಶ್ವಸಂಸ್ಥೆಯ ಅಂಕಿಅಂಶ ವಿಭಾಗ ಕೂಡ ದೇಶಗಳನ್ನು ವಿಂಗಡಿಸುವಾಗ ಆಫ್ರಿಕಾ, ಅಮೆರಿಕ, ಏಷ್ಯಾ, ಯುರೋಪ್, ಓಷಿಯಾನಿಯಾ ಅಂತ ಐದೇ ಪ್ರದೇಶ ಮಾಡಿದೆ. ಖಂಡ ಎಷ್ಟು ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ನಿಮ್ಮ ಏಳು ಆಕಾಶದಿಂದ ಇಳಿದು ಬಂದದ್ದಲ್ಲ.

ಭೂಗೋಳ_ಮೇಷ್ಟ್ರು:
‘ಇಂಗ್ಲಿಷ್ ಪುಸ್ತಕಗಳಿಂದ ಬಂದ ಲೆಕ್ಕ’ ಅನ್ನುವುದು ತಪ್ಪು. ಚೀನಾದಲ್ಲೂ ಏಳೇ ಕಲಿಸುತ್ತಾರೆ. ವಿಜ್ಞಾನ ಬೇಕಾದರೆ ಅದೂ ಇದೆ. ಉತ್ತರ ಅಮೆರಿಕದ ಭೂಫಲಕ (ಭೂಮಿಯ ಮೇಲ್ಪದರದ ದೊಡ್ಡ ತುಂಡು) ಬೇರೆ, ದಕ್ಷಿಣ ಅಮೆರಿಕದ ಭೂಫಲಕ ಬೇರೆ. ಪನಾಮ ಭೂಸಂಧಿ ಉಂಟಾಗಿ ಎರಡೂ ಸೇರಿದ್ದು ಸುಮಾರು 30 ಲಕ್ಷ ವರ್ಷಗಳ ಹಿಂದೆ. ಭೂಮಿಯ ಲೆಕ್ಕದಲ್ಲಿ ಅದು ನಿನ್ನೆ ಮೊನ್ನೆ. ಅದಕ್ಕೂ ಮುಂಚೆ ಕೋಟಿಗಟ್ಟಲೆ ವರ್ಷ ಬೇರೆ ಬೇರೆ ಇದ್ದವು, ಪ್ರಾಣಿಗಳೂ ಬೇರೆ ಬೇರೆ ಬೆಳೆದವು. ಆ ಸಂಧಿಯನ್ನೂ 1914ರಲ್ಲಿ ಕಾಲುವೆ ಕಡಿದು ಬಿಡಿಸಿದ್ದಾಗಿದೆ.

1823ರಲ್ಲಿ ಯುಎಸ್ ಅಧ್ಯಕ್ಷ ಮನ್ರೋ ಯುರೋಪಿನವರಿಗೆ ಎಚ್ಚರಿಕೆ ಕೊಟ್ಟ ಸಂದೇಶ ಇದೆಯಲ್ಲ, ಅದರಲ್ಲಿ ‘ಅಮೆರಿಕದ ಖಂಡಗಳು’ ಅಂತ ಬಹುವಚನವೇ ಇದೆ. ಇನ್ನೂರು ವರ್ಷ ಹಿಂದಿನ ಮಾತು.

ಕಲಘಟಗಿ_ಕಾಕಾ:
ಭೂಫಲಕದ ಲೆಕ್ಕ ಹಿಡಿದರೆ ಮೇಷ್ಟ್ರೇ, ನಾವು ಏಷ್ಯಾದವರೇ ಅಲ್ಲ. ಭಾರತದ ಭೂಫಲಕ ಬೇರೆ, ಬಂದು ಏಷ್ಯಾಕ್ಕೆ ಗುದ್ದಿದ್ದರಿಂದಲೇ ಹಿಮಾಲಯ ಎದ್ದದ್ದು. ಇದನ್ನು ಹೈಸ್ಕೂಲಿನಲ್ಲಿ ನೀವೇ ಹೇಳಿರುತ್ತೀರಿ. ಅರೇಬಿಯಾದ್ದೂ ಬೇರೆ. ಅತ್ತ ಯುರೋಪ್ ಮತ್ತು ಏಷ್ಯಾ ಒಂದೇ ಫಲಕ. ಅವೆರಡನ್ನು ಎರಡು ಖಂಡ ಅನ್ನುತ್ತೀರಿ, ಇವೆರಡನ್ನು ಫಲಕ ಬೇರೆ ಅಂತ ಬೇರೆ ಮಾಡುತ್ತೀರಿ. ಯಾವುದಾದರೂ ಒಂದು ಅಳತೆ ಇಟ್ಟುಕೊಳ್ಳಿ.

ನಿಜವಾದ ವಿಷಯ ಬೇರೆ ಇದೆ. ಅದನ್ನು ನಮ್ಮ ಕಡೆಯವರಿಗೆ ಹೇಳಿಕೊಡುವುದೇ ಬೇಡ. 1956ರ ನವೆಂಬರ್ 1ರಂದು ಮುಂಬಯಿ ಪ್ರಾಂತ, ಹೈದರಾಬಾದ್, ಮದ್ರಾಸ್, ಕೊಡಗು ಎಲ್ಲ ಕಡೆಯ ಕನ್ನಡದವರನ್ನು ಸೇರಿಸಿ ಒಂದು ರಾಜ್ಯ ಮಾಡಿದರು. ಹೆಸರು ಮಾತ್ರ ಮೈಸೂರು ರಾಜ್ಯ. ಧಾರವಾಡದವನೂ, ಬೀದರಿನವನೂ ಹೊರಗೆ ಹೋದರೆ ‘ಮೈಸೂರಿನವರು’. 1973ರ ನವೆಂಬರ್ 1ಕ್ಕೆ ಕರ್ನಾಟಕ ಅಂತ ಆಗುವವರೆಗೆ 17 ವರ್ಷ ಈ ಹೆಸರು ಹೊತ್ತುಕೊಂಡಿದ್ದೆವು. ನಮ್ಮ ಅಪ್ಪನಿಗೆ ಅದರ ಸಿಟ್ಟು ಕೊನೆಯವರೆಗೂ ಹೋಗಲಿಲ್ಲ. ಮೆಕ್ಸಿಕೋದ ಆ ಹುಡುಗಿಯ ನೋವು ನನಗೆ ಅರ್ಥ ಆಗುತ್ತದೆ.

ಡಲ್ಲಾಸ್_ಸುಧಾ:
ಕಾಕಾ, ಮೈಸೂರು ರಾಜ್ಯದ್ದು ಪೂರ್ತಿ ಉಲ್ಟಾ ಕಥೆ. ಅಲ್ಲಿ ಒಂದು ಭಾಗದ ಹೆಸರನ್ನು ಎಲ್ಲರ ಮೇಲೆ ಹೇರಿದರು. ಇಲ್ಲಿ ಯಾರೂ ಅರ್ಜೆಂಟೀನಾದವರ ಮೇಲೆ ಏನನ್ನೂ ಹೇರಿಲ್ಲ. ಅವರು ಆರಾಮಾಗಿ ಅರ್ಜೆಂಟೀನಾದವರೇ ಆಗಿದ್ದಾರೆ.

ಕಲಘಟಗಿ_ಕಾಕಾ:
ಹೇರುವುದೂ ಒಂದೇ, ಕಸಿಯುವುದೂ ಒಂದೇ ತಂಗಿ. ನಾಳೆ ಬೆಂಗಳೂರಿನವರು ‘ಕನ್ನಡಿಗರು ಅಂದರೆ ನಾವು ಮಾತ್ರ, ಉಳಿದವರು ಉತ್ತರ ಕನ್ನಡಿಗರು, ಕರಾವಳಿ ಕನ್ನಡಿಗರು’ ಅಂದರೆ ಸುಮ್ಮನೆ ಇರುತ್ತೀರಾ? ನಾನಂತೂ ಇರುವುದಿಲ್ಲ.

ಡಲ್ಲಾಸ್_ಸುಧಾ:
ಹೋಲಿಕೆ ಸರಿಯಿಲ್ಲ. ಕನ್ನಡಿಗ ಅನ್ನುವುದು ಭಾಷೆಯ ಹೆಸರು. ಪಕ್ಕದ ಉದಾಹರಣೆ ಬೇಕಾದರೆ ದಕ್ಷಿಣ ಆಫ್ರಿಕಾ ನೋಡಿ. ಆಫ್ರಿಕಾದ ದಕ್ಷಿಣ ಭಾಗದಲ್ಲಿ ನಮೀಬಿಯಾ ಇದೆ, ಬೋಟ್ಸ್ವಾನಾ ಇದೆ, ಜಿಂಬಾಬ್ವೆ ಇದೆ. ಒಂದು ದೇಶ ಮಾತ್ರ ಆ ಹೆಸರು ಇಟ್ಟುಕೊಂಡಿದೆ. ಅದರ ಬಗ್ಗೆ ಯಾರಾದರೂ ಇಷ್ಟು ಜಗಳ ಆಡಿದ್ದನ್ನು ನೋಡಿದ್ದೀರಾ? ನಮ್ಮದನ್ನೇ ನೋಡಿ. 1947ರಲ್ಲಿ ‘ಇಂಡಿಯಾ’ ಅನ್ನುವ ಹೆಸರನ್ನು ನಾವು ಇಟ್ಟುಕೊಂಡಾಗ ಜಿನ್ನಾ ಆಕ್ಷೇಪ ಮಾಡಿದ್ದರು. ಆ ಹೆಸರು ಬಂದದ್ದೇ ಸಿಂಧೂ ನದಿಯಿಂದ, ಅದು ಹೆಚ್ಚಾಗಿ ಹರಿಯುವುದು ಅವರ ಕಡೆ. ಹಾಗಂತ ನಾವು ಹೆಸರು ಬಿಟ್ಟೆವಾ?

ತುಂಗಾತೀರ:
ದಕ್ಷಿಣ ಆಫ್ರಿಕಾದವರು ತಮ್ಮನ್ನು ಬರೀ ‘ಆಫ್ರಿಕನ್ನರು’ ಅಂದುಕೊಂಡು, ಕೆನ್ಯಾದವರನ್ನು ಹೊರಗಿಟ್ಟರೆ ಅದು ಸರಿಯಾದ ಹೋಲಿಕೆ ಆಗುತ್ತಿತ್ತು.

ಸುಧಾ ಅವರಿಗೆ ಒಂದು ಪ್ರಶ್ನೆ. ನಿಮ್ಮ ಪಾಸ್‌ಪೋರ್ಟ್ ತೆಗೆದು ‘ನ್ಯಾಷನಾಲಿಟಿ’ ಅನ್ನುವ ಜಾಗದಲ್ಲಿ ಏನಿದೆ ಓದಿ. ನಮ್ಮದರಲ್ಲಿ ‘ಇಂಡಿಯನ್’ ಅಂತಿದೆ. ನಿಮ್ಮದರಲ್ಲಿ ‘ಅಮೆರಿಕನ್’ ಅಂತ ಇಲ್ಲ, ‘ಯುನೈಟೆಡ್ ಸ್ಟೇಟ್ಸ್ ಆಫ್ ಅಮೆರಿಕ’ ಅಂತ ದೇಶದ ಪೂರ್ತಿ ಹೆಸರಿದೆ. ನಿಮ್ಮ ಸರ್ಕಾರವೇ ಆ ಪದ ಬಳಸಿಲ್ಲ.

ಡಲ್ಲಾಸ್_ಸುಧಾ:
ಅದೇ ಸರ್ಕಾರದ ರಾಯಭಾರ ಕಚೇರಿಗಳಲ್ಲಿ ‘ಅಮೆರಿಕನ್ ಸಿಟಿಜನ್ ಸರ್ವಿಸಸ್’ ಅಂತ ವಿಭಾಗವೇ ಇದೆ. ಅದು ನಿಮಗೆ ಕಾಣಲಿಲ್ವಾ? ಬೇಕಾದ್ದನ್ನು ಮಾತ್ರ ಹೆಕ್ಕಿ ತರಬೇಡಿ.

ನಾನು ಈ ದೇಶಕ್ಕೆ ಬಂದು, ವರ್ಷಗಟ್ಟಲೆ ಗ್ರೀನ್ ಕಾರ್ಡ್‌ಗೆ ಕಾದು, ಕೊನೆಗೆ ಪ್ರಮಾಣ ಮಾಡಿ ಪೌರತ್ವ ಪಡೆದವಳು. ನನ್ನ ಬಣ್ಣ ನೋಡಿ ‘ನೀನು ನಿಜವಾಗಿ ಎಲ್ಲಿಯವಳು’ ಅಂತ ಅಂಗಡಿಯಲ್ಲಿ, ಬಸ್ಸಿನಲ್ಲಿ ಕೇಳಿದವರು ಎಷ್ಟೋ ಜನ. ಅವರಿಗೆ ನಾನು ಕೊಡುವ ಉತ್ತರ ‘ಅಮೆರಿಕನ್’ ಅನ್ನುವ ಒಂದೇ ಪದ. ಆ ಪದ ನನಗೆ ಸುಮ್ನೆ ಸಿಕ್ಕಿದ್ದಲ್ಲ. ಈಗ ಕನ್ನಡದವರೇ ಬಂದು ಅದು ನಿನ್ನದಲ್ಲ ಅಂದರೆ ಸಿಟ್ಟು ಬರುತ್ತದೆ.

ಮೆಕ್ಸಿಕೋದಲ್ಲಿ_ಮಂಡ್ಯದವ:
ನಿಮ್ಮದಲ್ಲ ಅಂತ ಯಾರೂ ಹೇಳಲಿಲ್ಲ. ನಿಮ್ಮದು ಮಾತ್ರ ಅಲ್ಲ ಅಂತ ಹೇಳಿದ್ದು. ಮೇಷ್ಟ್ರು ಮನ್ರೋ ಸಂದೇಶ ತಂದರಲ್ಲ, ಅದರಲ್ಲೇ ದಕ್ಷಿಣದ ದೇಶದವರನ್ನು ‘ನಮ್ಮ ದಕ್ಷಿಣದ ಸಹೋದರರು’ ಅಂತ ಕರೆದಿದ್ದಾರೆ. ಅದನ್ನು ಯಾಕೆ ಹೇಳಲಿಲ್ಲ ಮೇಷ್ಟ್ರೇ?

1507ರ ನಕ್ಷೆಗೂ ಬನ್ನಿ. ವಾಲ್ಟ್‌ಸೀಮ್ಯುಲರ್ ಅನ್ನುವ ಜರ್ಮನ್ ನಕ್ಷೆಗಾರ ಇಟಲಿಯ ನಾವಿಕ ಅಮೆರಿಗೊ ವೆಸ್‌ಪುಚಿಯ ಹೆಸರಿನಿಂದ ‘ಅಮೆರಿಕ’ ಅಂತ ಮೊದಲು ಬರೆದದ್ದು ಎಲ್ಲಿ ಗೊತ್ತಾ? ಈಗಿನ ಬ್ರೆಜಿಲ್ ಇರುವ ಜಾಗದ ಮೇಲೆ. ಉತ್ತರದ ಭಾಗಕ್ಕೂ ಆ ಹೆಸರು ಹೋದದ್ದು 1538ರಲ್ಲಿ, ಮರ್ಕೇಟರ್ ನಕ್ಷೆಯಲ್ಲಿ. ಆ 1507ರ ನಕ್ಷೆಯ ಉಳಿದಿರುವ ಒಂದೇ ಪ್ರತಿಯನ್ನು ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್ ಒಂದು ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿದೆ. ಹೆಸರಿನ ಜನನ ಪ್ರಮಾಣಪತ್ರ ಅಂತಾರೆ ಅದನ್ನು. ಅದರಲ್ಲಿ ಹೆಸರು ಇರುವುದು ದಕ್ಷಿಣದವರ ಮೇಲೆ. ಹೆಸರು ಮೊದಲು ಅವರದ್ದು.

ಭೂಗೋಳ_ಮೇಷ್ಟ್ರು:
‘ಉತ್ತರದ ಭಾಗಕ್ಕೂ’ ಅಂತ ನೀವೇ ಬರೆದಿರಿ. ಉತ್ತರದ ಭಾಗ, ದಕ್ಷಿಣದ ಭಾಗ. 1538ರಲ್ಲೇ ಎರಡು ಅಂತ ಒಪ್ಪಿದ ಹಾಗಾಯಿತಲ್ಲ.

ಮೆಕ್ಸಿಕೋದಲ್ಲಿ_ಮಂಡ್ಯದವ:
ಮನೆಗೆ ಎರಡು ಕೋಣೆ ಇದ್ದರೆ ಎರಡು ಮನೆ ಆಗುತ್ತದಾ ಮೇಷ್ಟ್ರೇ? ಸರಿ, ನಿಮ್ಮ ಭೂಫಲಕಕ್ಕೇ ಬರುತ್ತೇನೆ. ಹೊಂಡುರಾಸ್, ನಿಕರಾಗುವಾ ಇರುವುದು ಕೆರಿಬಿಯನ್ ಫಲಕದ ಮೇಲೆ. ಅದು ಉತ್ತರವೂ ಅಲ್ಲ, ದಕ್ಷಿಣವೂ ಅಲ್ಲ. ಅವರನ್ನು ಯಾವ ಖಂಡಕ್ಕೆ ಹಾಕುತ್ತೀರಿ? ರಷ್ಯಾದ ಪೂರ್ವ ತುದಿ ಉತ್ತರ ಅಮೆರಿಕದ ಫಲಕದ ಮೇಲಿದೆ. ಅಲ್ಲಿಯವರು ಉತ್ತರ ಅಮೆರಿಕದವರಾ? ಉತ್ತರ ಕೊಡಿ.

ಭೂಗೋಳ_ಮೇಷ್ಟ್ರು:
ಮಧ್ಯ ಅಮೆರಿಕದ ದೇಶಗಳು ಉತ್ತರ ಅಮೆರಿಕ ಖಂಡಕ್ಕೆ ಸೇರುತ್ತವೆ. ಇದು ಎಲ್ಲ ಅಟ್ಲಾಸ್‌ಗಳಲ್ಲೂ ಇದೆ. ಖಂಡ ನಿರ್ಧಾರ ಆಗುವುದು ಭೂಫಲಕ ಒಂದರಿಂದಲೇ ಅಲ್ಲ, ಭೂಮಿಯ ಆಕಾರ, ಇತಿಹಾಸ, ಬಳಕೆ ಎಲ್ಲ ಸೇರಿ.

ಕಲಘಟಗಿ_ಕಾಕಾ:
‘ಬಳಕೆ’ ಅಂದಿರಿ! ಅಷ್ಟೇ ಸಾಕು. ಬಳಕೆಯಿಂದ ಖಂಡ ನಿರ್ಧಾರ ಆಗುವುದಾದರೆ ಲ್ಯಾಟಿನ್ ಅಮೆರಿಕದ ಕೋಟ್ಯಂತರ ಜನರ ಬಳಕೆಗೂ ಬೆಲೆ ಇದೆ. ಚರ್ಚೆ ಮುಗಿಯಿತು.

ಭೂಗೋಳ_ಮೇಷ್ಟ್ರು:
ಮುಗಿದಿಲ್ಲ. ಒಂದು ಪದ ಹಿಡಿದು ಜಗ್ಗಬೇಡಿ. ಬಳಕೆ ಅಂದರೆ ಮೆಕ್ಸಿಕೋದವರ ಬಳಕೆಯನ್ನೇ ನೋಡೋಣ. ಅವರು ಯುಎಸ್‌ನವರನ್ನು ‘ನೋರ್ತೆಅಮೆರಿಕಾನೋ’ ಅನ್ನುತ್ತಾರೆ, ಅಂದರೆ ಉತ್ತರ ಅಮೆರಿಕದವರು. ಮೆಕ್ಸಿಕೋ ಕೂಡ ಇರುವುದು ಉತ್ತರ ಅಮೆರಿಕದಲ್ಲೇ. ತಮ್ಮನ್ನು ತಾವೇ ಹೊರಗಿಟ್ಟುಕೊಂಡು ಇನ್ನೊಬ್ಬರನ್ನು ತಪ್ಪು ಅನ್ನುವುದು ಯಾವ ನ್ಯಾಯ? ಬ್ರೆಜಿಲ್‌ನಲ್ಲಂತೂ ಜನ ದಿನನಿತ್ಯ ಯುಎಸ್‌ನವರನ್ನು ‘ಅಮೆರಿಕಾನು’ ಅಂತಲೇ ಕರೆಯುತ್ತಾರೆ. ಅವರಿಗೇ ಇಲ್ಲದ ನೋವು ನಿಮಗೆ ಯಾಕೆ?

ಡಲ್ಲಾಸ್_ಸುಧಾ:
ಇದನ್ನೇ ನಾನು ಹೇಳಬೇಕು ಅಂತಿದ್ದೆ. ಬ್ರೆಜಿಲ್ ಅಷ್ಟು ದೊಡ್ಡ ದೇಶ, ಅಲ್ಲೇ ಈ ಬಳಕೆ ಇದೆ. ಮುಗಿಯಿತಲ್ಲ.

ನವೀದ್_ಭಟ್ಕಳ:
ಮೆಕ್ಸಿಕೋದವರು ಹೆಸರಿನ ವಿಷಯದಲ್ಲಿ ಇಷ್ಟು ಸೂಕ್ಷ್ಮ ಅಂದರೆ ಒಂದು ಮಾತು ಹೇಳಲೇಬೇಕು. ನಾನು ಮಾಂಟೆರ್‌ರೇ ಊರಲ್ಲಿ ಕೆಲಸಕ್ಕೆ ಇದ್ದೆ. ಅಲ್ಲಿ ಭಾರತದಿಂದ ಬಂದ ಯಾರನ್ನಾದರೂ ‘ಇಂದೂ’ ಅಂತ ಕರೆಯುತ್ತಾರೆ. ಬರೆಯುವಾಗ ಹಿಂದೂ. ಧರ್ಮ ಯಾವುದಾದರೂ ಸರಿ, ಭಾರತದವರು ಅಂದರೆ ಹಿಂದೂ. ನಾನು ಮುಸ್ಲಿಂ, ಶುಕ್ರವಾರ ನಮಾಜಿಗೆ ಹೋಗಲು ರಜೆ ಕೇಳಿದರೆ ‘ನೀವು ಹಿಂದೂಗಳು ಶುಕ್ರವಾರ ಪ್ರಾರ್ಥನೆ ಮಾಡುತ್ತೀರಾ’ ಅಂತ ಕೇಳಿದರು. ಪ್ರೀತಿಯಿಂದಲೇ ಕೇಳಿದರು, ಆದರೆ ಪ್ರತಿ ಸಲ ವಿವರಿಸಿ ಸಾಕಾಗಿತ್ತು. ನೀವು ಹೇಳಿದ ಅದೇ ರಾಯಲ್ ಅಕಾಡೆಮಿ ಈ ಬಳಕೆಯನ್ನು ಒಪ್ಪಿದೆ. ಅಮೆರಿಕ ಅನ್ನುವ ಪದಕ್ಕೆ ಒಂದು ನ್ಯಾಯ, ನಮಗೊಂದು ನ್ಯಾಯವಾ?

ಡಲ್ಲಾಸ್_ಸುಧಾ:
ನವೀದ್, ತುಂಬ ಒಳ್ಳೆಯ ಮಾತು. ಅಕಾಡೆಮಿಯ ಮೇಲೆ ಅಷ್ಟು ನಂಬಿಕೆ ಇಟ್ಟವರು ಈಗ ಉತ್ತರ ಕೊಡಲಿ.

ಮೆಕ್ಸಿಕೋದಲ್ಲಿ_ಮಂಡ್ಯದವ:
‘ಇಂದಿಯೊ’, ಅಂದರೆ ಇಂಡಿಯನ್, ಅನ್ನುವ ಪದ ಇಲ್ಲಿನ ಮೂಲನಿವಾಸಿಗಳಿಗೆ ಹೋಗಿಬಿಟ್ಟಿತ್ತು, ಅದೂ ಬೈಗುಳದ ಹಾಗೆ ಬಳಸುತ್ತಾರೆ. ಅದಕ್ಕೇ ನಮಗೆ ಬೇರೆ ಪದ ಬಂತು. ಕೊಲಂಬಸ್ ಮಾಡಿದ ಗೊಂದಲ ಅದು. ಅದನ್ನು ಇದರ ಜೊತೆ ಸೇರಿಸಿ ವಿಷಯ ತಪ್ಪಿಸಬೇಡಿ.

ನವೀದ್_ಭಟ್ಕಳ:
ವಿಷಯ ತಪ್ಪಿಸಿದ್ದು ಎಲ್ಲಿ? ನನ್ನನ್ನು ನನ್ನದಲ್ಲದ ಹೆಸರಿನಿಂದ ಕರೆದರು ಅಂತ ಹೇಳಿದೆ. ಅದು ‘ಗೊಂದಲ’, ನಿಮ್ಮ ಟೀಮಿನ ಹುಡುಗಿಗೆ ಆದದ್ದು ಮಾತ್ರ ನೋವು. ಇದು ನನಗೆ ಸರಿ ಕಾಣುವುದಿಲ್ಲ. ಅಣ್ಣ, ನೀವು ನನ್ನ ಜಾಗದಲ್ಲಿ ಒಂದು ದಿನ ಇದ್ದು ನೋಡಿ.

ಮೆಕ್ಸಿಕೋದಲ್ಲಿ_ಮಂಡ್ಯದವ:
ನಿಮ್ಮ ನೋವನ್ನು ಅಲ್ಲಗಳೆಯಲಿಲ್ಲ. ಆದರೆ ಇಂದಿಯೊ, ಹಿಂದೂ ಎರಡೂ ಒಬ್ಬ ಯುರೋಪಿನವನು ದಾರಿ ತಪ್ಪಿದ್ದರಿಂದ ಬಂದದ್ದು. ಅಮೆರಿಕನ್ ಪದ ಒಂದು ಬಲಿಷ್ಠ ದೇಶ ತನಗೆ ಮಾತ್ರ ಅಂತ ಇಟ್ಟುಕೊಂಡದ್ದು. ಎರಡೂ ಒಂದೇ ಅಲ್ಲ. 2025ರ ಜನವರಿಯಲ್ಲಿ ಟ್ರಂಪ್ ಮೆಕ್ಸಿಕೋ ಕೊಲ್ಲಿಯನ್ನೇ ‘ಅಮೆರಿಕ ಕೊಲ್ಲಿ’ ಅಂತ ಆದೇಶ ಮಾಡಿದರು. ಅದು ಯಾವ ಅಮೆರಿಕ? ಇಡೀ ಭೂಭಾಗದ್ದಾ? ಎಲ್ಲರಿಗೂ ಗೊತ್ತು. ಆದೇಶಕ್ಕೂ ಮುಂಚೆ ಅವರು ಹಾಗೆ ಮಾಡುತ್ತೇನೆ ಅಂತ ಘೋಷಿಸಿದಾಗಲೇ ಮೆಕ್ಸಿಕೋ ಅಧ್ಯಕ್ಷೆ ಕ್ಲಾಡಿಯಾ ಶೇನ್‌ಬೌಮ್ 1607ರ ನಕ್ಷೆ ತೋರಿಸಿ, ಹಾಗಾದರೆ ಉತ್ತರ ಅಮೆರಿಕವನ್ನು ‘ಅಮೆರಿಕಾ ಮೆಹಿಕಾನಾ’ ಅಂತ ಕರೆಯೋಣವಾ ಅಂತ ಕೇಳಿದ್ದರು.

ಭೂಗೋಳ_ಮೇಷ್ಟ್ರು:
ಶೇನ್‌ಬೌಮ್ ಕೂಡ ‘ಉತ್ತರ ಅಮೆರಿಕ’ ಅಂತ ಬೇರೆಯಾಗಿಯೇ ಹೇಳಿದ್ದಾರೆ. ಗಮನಿಸಿ.

ಕಾಡುಮಲ್ಲಿಗೆ:
ಇಷ್ಟು ಹೊತ್ತು ಓದಿದೆ. ಯುರೋಪಿನಿಂದ ಬಂದವರ ಮಕ್ಕಳಲ್ಲಿ ಯಾರಿಗೆ ಆ ಹೆಸರು ಅಂತ ಜಗಳ ಆಡುತ್ತಿದ್ದೀರಿ. ಅವರು ಬರುವ ಮುಂಚೆ ಅಲ್ಲಿದ್ದವರ ಮಾತೇ ಇಲ್ಲ. ಪನಾಮದ ಗುನಾ ಜನ ಆ ನೆಲವನ್ನು ‘ಅಬ್ಯಾ ಯಾಲಾ’ ಅನ್ನುತ್ತಾರೆ. ಇವತ್ತು ದಕ್ಷಿಣದ ಅನೇಕ ಮೂಲನಿವಾಸಿ ಸಂಘಟನೆಗಳು ಅಮೆರಿಕ ಬದಲು ಆ ಹೆಸರನ್ನೇ ಬಳಸುತ್ತವೆ. ನಾವು ಕನ್ನಡದಲ್ಲಿ ಇವತ್ತಿಗೂ ‘ರೆಡ್ ಇಂಡಿಯನ್ನರು’ ಅಂತ ಬರೆಯುತ್ತೇವೆ. ಚರ್ಮದ ಬಣ್ಣ ಹಿಡಿದು ಕರೆಯುವುದು, ಅದೂ ನಮ್ಮ ದೇಶದ ಹೆಸರು ಸೇರಿಸಿ. ಪತ್ರಿಕೆಯವರು ಬದಲಾಯಿಸುವುದಿದ್ದರೆ ಮೊದಲು ಇದನ್ನು ಬದಲಾಯಿಸಲಿ. ನವಾಹೊಗಳು ಅಂದರೆ ನವಾಹೊ, ಲಕೋಟಾ ಅಂದರೆ ಲಕೋಟಾ. ಹೆಸರು ಇದೆ, ಬಳಸಿ.

ಡಲ್ಲಾಸ್_ಸುಧಾ:
ಇಲ್ಲಿ ಅವರಲ್ಲೇ ಅನೇಕರು ‘ಅಮೆರಿಕನ್ ಇಂಡಿಯನ್’ ಅಂತ ಹೇಳಿಕೊಳ್ಳುತ್ತಾರೆ. ವಾಷಿಂಗ್ಟನ್‌ನಲ್ಲಿ 2004ರಲ್ಲಿ ಶುರುವಾದ ಮ್ಯೂಸಿಯಮ್ಮಿನ ಹೆಸರಲ್ಲೂ ಅದೇ ಇದೆ. ಮತ್ತೆ ನನ್ನ ಮಾತಿಗೇ ಬಂತು, ಅವರು ಏನಂತ 
ಕರೆದುಕೊಳ್ಳುತ್ತಾರೋ ಹಾಗೆ. ಜನಗಣತಿಯಲ್ಲಿ ನಮ್ಮಂಥವರಿಗೆ ‘ಏಷ್ಯನ್ ಇಂಡಿಯನ್’ ಅಂತ ಬೇರೆ ಚೌಕ ಇದೆ, 1980ರಿಂದ.

ಕಾಡುಮಲ್ಲಿಗೆ:
ನಾನು ಹೇಳಿದ್ದು ‘ರೆಡ್’ ಅನ್ನುವ ಪದದ ಬಗ್ಗೆ. ಅದಕ್ಕೆ ನೀವು ಉತ್ತರ ಕೊಡಲೇ ಇಲ್ಲ.

ಡೆಸ್ಕ್_ಕೆಲಸದವನು:
ನಾನು ಒಂದು ಪತ್ರಿಕೆಯ ಸುದ್ದಿ ಡೆಸ್ಕ್‌ನಲ್ಲಿದ್ದೇನೆ. ರಾತ್ರಿ ಹನ್ನೊಂದು ಗಂಟೆಗೆ ಪುಟ ಬಿಡುವಾಗ ಒಂದು ಕಾಲಂ ತಲೆಬರಹಕ್ಕೆ ಸಿಗುವುದು ಎರಡು ಸಾಲು, ಸಾಲಿಗೆ ಎರಡು ಪದ. ‘ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಜೆಗಳು’ ಅಲ್ಲಿ ಕೂರುವುದಿಲ್ಲ. ‘ಯುಎಸ್‌ನವರು’ ಕೂರುತ್ತದೆ, ಆದರೆ ಅದು ಇಂಗ್ಲಿಷ್ ಅಕ್ಷರಗಳ ಸಂಕ್ಷೇಪ ಅಂತ ಓದುಗರೇ ಪತ್ರ ಬರೆದು ಬೈಯುತ್ತಾರೆ. ಹಳ್ಳಿಯ ಓದುಗರಿಗೆ ಅಮೆರಿಕ ಅಂದರೆ ಗೊತ್ತು, ನಮ್ಮ ಕೆಲಸ ಅರ್ಥ ಮಾಡಿಸುವುದು. ಇನ್ನು ಬ್ರಿಟನ್ನಿನ ಎಲ್ಲರನ್ನೂ ನಾವು ‘ಇಂಗ್ಲಿಷರು’, ‘ಆಂಗ್ಲರು’ ಅಂತ ನೂರಾರು ವರ್ಷದಿಂದ ಬರೆದಿದ್ದೇವೆ, ಸ್ಕಾಟ್‌ಲ್ಯಾಂಡಿನವರೂ ಅದರಲ್ಲೇ ಬಂದರು. ಎಲ್ಲವನ್ನೂ ಶುದ್ಧ ಮಾಡಲು ಹೊರಟರೆ ಪತ್ರಿಕೆ ಬೆಳಗ್ಗೆ ಬರುವುದಿಲ್ಲ.

ತುಂಗಾತೀರ:
‘ಸಾಲಿಗೆ ಎರಡು ಪದ’ ಅನ್ನುವುದು ಕಾರಣ ಆಗಬಾರದು ಸರ್. ಜಾಗ ಇಲ್ಲ ಅಂತ ಒಂದು ಭೂಭಾಗದ ಜನರನ್ನು ಅಳಿಸುವುದಾ? ಪೋಪ್ ಸುದ್ದಿ ಮುಖಪುಟದಲ್ಲಿ ಇತ್ತು, ಎಂಟು ಕಾಲಂ ಇತ್ತು. ‘ಶಿಕಾಗೊದ ಲಿಯೊ ಹೊಸ ಪೋಪ್’ ಅಂತ ಹಾಕಬಹುದಿತ್ತು. ಲಿಯೊ ಅವರು ಪೆರುವಿನಲ್ಲಿ ವರ್ಷಗಟ್ಟಲೆ ಇದ್ದವರು, 2015ರಲ್ಲಿ ಅಲ್ಲಿನ ಪೌರತ್ವವನ್ನೂ ಪಡೆದವರು. ಅದು ಎಷ್ಟು ಪತ್ರಿಕೆಗಳ ತಲೆಬರಹದಲ್ಲಿ ಬಂತು?

ಡೆಸ್ಕ್_ಕೆಲಸದವನು:
ನಮ್ಮಲ್ಲಿ ಒಳಗಿನ ಪುಟದಲ್ಲಿ ಬಂದಿತ್ತು. ಓದಿಲ್ಲ ಅಂದರೆ ನಾನೇನು ಮಾಡಲಿ. ಮತ್ತೆ ‘ಅಳಿಸುವುದು’ ಅನ್ನುವ ಪದ ತುಂಬ ಜಾಸ್ತಿಯಾಯಿತು.

ಕಲಘಟಗಿ_ಕಾಕಾ:
ಜಾಸ್ತಿ ಅಲ್ಲ. ಹದಿನೇಳು ವರ್ಷ ಮೈಸೂರಿನವರಾಗಿ ಇದ್ದವರನ್ನು ಕೇಳಿ, ಹೇಳುತ್ತಾರೆ.

ಡಲ್ಲಾಸ್_ಸುಧಾ:
ಕಾಕಾ, ಮೈಸೂರಿನ ಹೋಲಿಕೆ ಉಲ್ಟಾ ಅಂತ ಆಗಲೇ ಹೇಳಿದ್ದೇನೆ. ಮತ್ತೆ ಅಲ್ಲಿಗೇ ಹೋಗಬೇಡಿ. ಜರ್ಮನ್ ಭಾಷೆಯಲ್ಲಿ ‘ಯುಎಸ್-ಅಮೆರಿಕಾನರ್’ ಅಂತ ಒಂದು ಪದ ಇದೆ, ಎಸ್ಪೆರಾಂಟೋ ಅನ್ನುವ ಕೃತಕ ಭಾಷೆಯವರು ‘ಉಸೋನೋ’ ಅಂತ ಬೇರೆ ಹೆಸರೇ ಮಾಡಿದರು. ಆದರೂ ಜರ್ಮನ್ನರು ಮಾತಾಡುವಾಗ ಬರೀ ‘ಅಮೆರಿಕಾನರ್’ ಅಂತಲೇ ಅನ್ನುತ್ತಾರೆ. ಜನ ಒಪ್ಪದ ಹೆಸರು ನಿಲ್ಲುವುದಿಲ್ಲ. ನಾನು ಅಮೆರಿಕನ್ ಅಂತಲೇ ಬರೆಯುತ್ತೇನೆ, ಅಮೆರಿಕನ್ ಅಂತಲೇ ಹೇಳುತ್ತೇನೆ. ಯಾರಿಗೂ ಇದಕ್ಕೆ ಒಪ್ಪಿಗೆ ಕೇಳುವುದಿಲ್ಲ.

ಮೆಕ್ಸಿಕೋದಲ್ಲಿ_ಮಂಡ್ಯದವ:
ಹೇಳಿ. ನಾನು ಇಲ್ಲಿಂದ ಕನ್ನಡದಲ್ಲಿ ಬರೆಯುವಾಗಲೆಲ್ಲ ‘ಯುಎಸ್‌ನವರು’ ಅಂತಲೇ ಬರೆಯುತ್ತೇನೆ. ಮನೆಯವರಿಗೂ ಅಭ್ಯಾಸ ಆಗಿದೆ. ಮೇಷ್ಟ್ರು ಮಾತ್ರ ರಷ್ಯಾದ ಪೂರ್ವ ತುದಿಯ ಬಗ್ಗೆ ಇನ್ನೂ ಉತ್ತರ ಕೊಟ್ಟಿಲ್ಲ.

ಭೂಗೋಳ_ಮೇಷ್ಟ್ರು:
ರಷ್ಯಾದ ಆ ಭಾಗ ಏಷ್ಯಾ ಖಂಡದಲ್ಲಿದೆ. ಬೇರಿಂಗ್ ಜಲಸಂಧಿ ಗಡಿ. ಅಟ್ಲಾಸ್ ನೋಡಿ. ಮತ್ತೆ ನಿಮ್ಮ ಮಗಳು ರಜೆಗೆ ಮಂಡ್ಯಕ್ಕೆ ಬಂದಾಗ ಯಾರಾದರೂ ಖಂಡ ಎಷ್ಟು ಅಂತ ಕೇಳಿದರೆ ಏಳು ಅಂತ ಹೇಳಲು ಕಲಿಸಿ. ಇಲ್ಲಿನ ಪರೀಕ್ಷೆಯಲ್ಲಿ ಆರು ಅಂತ ಬರೆದರೆ ಅಂಕ ಸಿಗುವುದಿಲ್ಲ.

ಮೆಕ್ಸಿಕೋದಲ್ಲಿ_ಮಂಡ್ಯದವ:
ಇಲ್ಲಿ ಏಳು ಅಂತ ಬರೆದರೆ ಸಿಗುವುದಿಲ್ಲ ಮೇಷ್ಟ್ರೇ. ಬೇರಿಂಗ್ ಜಲಸಂಧಿ ಗಡಿ ಅಂತ ಈಗ ಹೇಳಿದಿರಿ, ಆಗ ಭೂಫಲಕ ಅಂದಿರಿ. ಜಲಸಂಧಿಯೇ ಗಡಿ ಆಗುವುದಾದರೆ ಪನಾಮದಲ್ಲಿ ಮನುಷ್ಯರು ಕಾಲುವೆ ಕಡಿಯುವವರೆಗೆ ಯಾವ ನೀರೂ ಇರಲಿಲ್ಲ. 1914ಕ್ಕೆ ಮುಂಚೆ ಎಷ್ಟು ಖಂಡ ಇತ್ತು ಅಂತ ಹೇಳಿ.

ಭೂಗೋಳ_ಮೇಷ್ಟ್ರು:
ಸೂಯೆಜ್ ಕಾಲುವೆ 1869ರಲ್ಲಿ ಆಯಿತು. ಅದಕ್ಕೂ ಮುಂಚೆ ಆಫ್ರಿಕಾ, ಏಷ್ಯಾ ಎರಡು ಖಂಡ ಆಗಿರಲಿಲ್ವಾ? ಅದಕ್ಕೆ ಮೊದಲು ಉತ್ತರ ಕೊಡಿ.